ಸಂಪಾದಕರ ಉತ್ತರ: ಗಿಡಮರಗಳ ಪುಸ್ತಕಕ್ಕೆ ಪ್ರಶಸ್ತಿ ಏಕೆ?

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಪ್ರಶಸ್ತಿಗಳ ಕುರಿತ ಲೇಖನವನ್ನು ಓದಿದ ಬೆಂಗಳೂರು ಬಸವನಗುಡಿಯ ಓದುಗರೊಬ್ಬರು, ಕಥೆ, ಕವಿತೆ, ಕಾದಂಬರಿಗಳಿಗೆ ಸಲ್ಲಬೇಕಾದ ಗೌರವವನ್ನು ಪ್ರವಾಸಕಥನಕ್ಕೂ ಗಿಡಮರಗಳ ಪುಸ್ತಕಕ್ಕೂ ಕೊಟ್ಟರೆ ಸೃಜನಶೀಲ ಲೇಖಕರಿಗೆ ಅನ್ಯಾಯವಾಗುವುದಿಲ್ಲವೇ ಎಂದು ಕೇಳಿದ್ದಾರೆ.

ಮಾನ್ಯರೇ,

ಆಗುವುದಿಲ್ಲವೆಂದೇ ನನ್ನ ನಂಬಿಕೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಕನ್ನಡಕ್ಕೆ ಮೊದಲು ಬಂದದ್ದು 1955ರಲ್ಲಿ, ಕುವೆಂಪು ಅವರ ಮಹಾಕಾವ್ಯ ‘ಶ್ರೀ ರಾಮಾಯಣ ದರ್ಶನಂ’ಗೆ, ಮರುವರ್ಷವೇ ಅದು ರಂ.ಶ್ರೀ. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ ಸಂದಿತು. ಕಾದಂಬರಿಕಾರರೆಂದೇ ನಾಡು ಬಲ್ಲ ಶಿವರಾಮ ಕಾರಂತರಿಗೆ 1959ರಲ್ಲಿ ಈ ಪ್ರಶಸ್ತಿ ದೊರೆತದ್ದು ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ ಎಂಬ ಅಧ್ಯಯನಕ್ಕೆ. 1978ರಲ್ಲಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’, 1979ರಲ್ಲಿ ಎ.ಎನ್. ಮೂರ್ತಿರಾಯರ ‘ಚಿತ್ರಗಳು ಪತ್ರಗಳು’, 1980ರಲ್ಲಿ ‘ಅಮೆರಿಕದಲ್ಲಿ ಗೊರೂರು’ ಎಂಬ ಪ್ರವಾಸಕಥನ: ಹೀಗೆ ಮೂರು ವರ್ಷ ಸತತವಾಗಿ ಕಥೆ, ಕವಿತೆ, ಕಾದಂಬರಿಗಳಲ್ಲದ ಬರಹಗಳೇ ಗೌರವ ಪಡೆದವು. ಆ ಕಾಲದ ತೀರ್ಪುಗಾರರು ಪ್ರಕಾರವನ್ನು ನೋಡದೆ ಬರವಣಿಗೆಯನ್ನು ನೋಡಿದರೆಂದೇ ನಾನು ತಿಳಿಯುತ್ತೇನೆ.

ಇದನ್ನು ಬರೆಯುವಾಗ ‘ಹಸುರು ಹೊನ್ನು’ವಿನ ಹಳೆಯ ಪ್ರತಿಯೊಂದು ನನ್ನ ಮೇಜಿನ ಮೇಲಿದೆ. ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥನವಿದು. ಲೇಖಕರೇ ಬರೆದ ರೇಖಾಚಿತ್ರಗಳ ನಡುವೆ ಗಿಡದ ಲಕ್ಷಣವೂ ಹುಡುಗರ ಕೀಟಲೆಯೂ ಒಂದೇ ಉಸಿರಿನಲ್ಲಿ ಬರುತ್ತವೆ. ಇದನ್ನು ಸೃಜನಶೀಲವಲ್ಲವೆಂದು ಬದಿಗಿಡಲು ನನ್ನಿಂದಾಗದು. ಕಲ್ಪಿಸಿಕೊಂಡದ್ದನ್ನು ಬರೆಯುವವರಿಗೆ ಬೇಕಾದ ಭಾಷೆಯ ಹದ, ಕಣ್ಣಾರೆ ಕಂಡದ್ದನ್ನು ಬರೆಯುವವರಿಗೂ ಬೇಕಷ್ಟೆ.

ಅನುವಾದಕ್ಕೆ 1989ರಿಂದ, ಮಕ್ಕಳ ಸಾಹಿತ್ಯಕ್ಕೆ 2010ರಿಂದ ಅಕಾಡೆಮಿ ಬೇರೆಯೇ ಪುರಸ್ಕಾರ ನೀಡುತ್ತಿದೆ, ಅದು ಅಗತ್ಯವಾಗಿತ್ತು. ಆದರೆ ಪ್ರಬಂಧ, ಪ್ರವಾಸಗಳನ್ನೂ ಹಾಗೆಯೇ ಬೇರೆ ಪಂಕ್ತಿಗೆ ಕೂರಿಸಿದರೆ, ಕಾದಂಬರಿಯ ಎದುರು ನಿಂತು ಗೆಲ್ಲುವ ಅವಕಾಶವನ್ನೇ ಅವುಗಳಿಂದ ಕಸಿದಂತಾಗುತ್ತದೆ. ನೀವು ಮೊದಲು ಹೆಸರಿಸಿದ ಕಥೆಯ ಪಾಡನ್ನೇ ನೋಡಿ: ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಸಣ್ಣಕಥೆಗಳ ಸಂಕಲನವೊಂದಕ್ಕೆ ಮೊದಲ ಬಾರಿ ಸಂದದ್ದು 2025ರಲ್ಲಿ, ನಮ್ಮ ಬಾನು ಮುಷ್ತಾಕ್ ಅವರ ಕಥೆಗಳಿಗೆ; ಬಹುಮಾನದ ಹಣದಲ್ಲಿ ಅನುವಾದಕಿ ದೀಪಾ ಭಾಸ್ತಿಯವರಿಗೂ ಸಮಪಾಲು ದೊರೆಯಿತು.

ಕೆಲವು ವರ್ಷಗಳ ಹಿಂದೆ ನಮ್ಮ ದೀಪಾವಳಿ ಕಥಾಸ್ಪರ್ಧೆಗೆ, ಗೆರೆ ಹಾಕಿದ ಹಾಳೆಗಳ ಎರಡೂ ಬದಿ ತುಂಬಿದ ಹಸ್ತಪ್ರತಿಯೊಂದು ಬಂದಿತ್ತು. ಬಾವಿ ತೋಡುವವರ ಬದುಕನ್ನು ಕುರಿತು, ಸ್ವತಃ ಹಗ್ಗ ಹಿಡಿದು ಕೆಳಗಿಳಿದವರು ಬರೆದದ್ದು. ಸೆಲೆ ಸಿಗುವ ಮುನ್ನ ಕಾಲಡಿಯ ಮಣ್ಣು ತಣ್ಣಗಾಗುವುದನ್ನು ಅವರು ನಾಲ್ಕೇ ಸಾಲಿನಲ್ಲಿ ಹೇಳಿದ್ದರು. ಕಥೆಯಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಹಿಂದಿರುಗಿಸಿದೆ, ಮತ್ತೆ ಅವರಿಂದ ಬರಹ ಬರಲಿಲ್ಲ. ಅದು ನನ್ನ ತಪ್ಪು. ಈ ವರ್ಷದಿಂದ ಪ್ರಬಂಧ, ಪ್ರವಾಸ, ಅನುಭವ ಕಥನಗಳನ್ನೂ ಕಥೆಗಳ ಜೊತೆಯಲ್ಲಿಯೇ, ಅದೇ ಮೊದಲ ಬಹುಮಾನಕ್ಕೆ, ಪರಿಗಣಿಸಲಾಗುವುದು.

— ಸಂಪಾದಕ