ಗರ್ಭಿಣಿಯ ಥೈರಾಯ್ಡ್ ಕೊರತೆ ಮಗುವಿನ ಬುದ್ಧಿ ಬೆಳವಣಿಗೆಗೆ ತೊಡಕಾಗುತ್ತದೆಯೇ?

ಸೋಮವಾರಪೇಟೆಯಲ್ಲಿರುವ ನಿಮ್ಮ ತಂಗಿಗೆ ಎರಡು ತಿಂಗಳು ತುಂಬಿದ್ದು, ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನ್; ಥೈರಾಯ್ಡ್ ಕೊರತೆಯಾದಾಗ ಇದು ಏರುತ್ತದೆ) ಹೆಚ್ಚಿದೆ ಎಂದು ವರದಿ ಬಂದಿರುವುದರಿಂದ ಮಗುವಿನ ಬುದ್ಧಿಗೆ ಕುಂದಾಗಬಹುದೇ ಎಂದು ಕೇಳಿದ್ದೀರಿ.

ಭ್ರೂಣದ ಥೈರಾಯ್ಡ್ ಗ್ರಂಥಿ ಸುಮಾರು 12ನೇ ವಾರದಲ್ಲಿ ಕೆಲಸ ಆರಂಭಿಸಿದರೂ ಸಾಕಷ್ಟು ಹಾರ್ಮೋನನ್ನು ತಾನೇ ತಯಾರಿಸಿಕೊಳ್ಳಲು 18ರಿಂದ 20 ವಾರಗಳಾಗಬೇಕು. ಅಲ್ಲಿಯವರೆಗೆ ಮೆದುಳಿನ ನರಕೋಶಗಳು ರೂಪುಗೊಂಡು ತಮ್ಮ ಸ್ಥಾನ ಸೇರುವುದು ತಾಯಿಯ ಥೈರಾಯ್ಡ್ ಹಾರ್ಮೋನಾದ ಥೈರಾಕ್ಸಿನ್‌ನ ಆಸರೆಯಿಂದಲೇ. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಕೊರತೆಯಿದ್ದೂ ಚಿಕಿತ್ಸೆ ಪಡೆಯದ ತಾಯಂದಿರ ಮಕ್ಕಳ ಬುದ್ಧಿಮಾಪನಾಂಕ ಇತರ ಮಕ್ಕಳಿಗಿಂತ ಸರಾಸರಿ 7 ಅಂಕ ಕಡಿಮೆಯಿತ್ತು. ಆದರೆ 2012 ಮತ್ತು 2017ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಅಲ್ಪ ಕೊರತೆಗೆ ಗರ್ಭಾವಸ್ಥೆಯಲ್ಲಿ ಥೈರಾಕ್ಸಿನ್ ಮಾತ್ರೆ ಕೊಟ್ಟದ್ದರಿಂದ ಮಕ್ಕಳ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ಆದ್ದರಿಂದ ಟಿಎಸ್‌ಎಚ್ ಎಷ್ಟು ಏರಿದೆ, ಫ್ರೀ ಟಿ4 (ರಕ್ತದಲ್ಲಿ ಮುಕ್ತವಾಗಿರುವ ಥೈರಾಕ್ಸಿನ್) ಇಳಿದಿದೆಯೇ ಎಂಬುದನ್ನು ವೈದ್ಯರು ನೋಡಿದ ಮೇಲೆಯೇ ಆತಂಕದ ಮಾತು.

ಮಾತ್ರೆ ಬರೆದುಕೊಟ್ಟರೆ ಅದನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಬೇಕು. ಕಾಫಿ ಅದರ ಹೀರಿಕೆಯನ್ನು ತಗ್ಗಿಸುವುದರಿಂದ (ಕೊಡಗಿನ ಮನೆಯಲ್ಲಿ ಇದು ಕಷ್ಟವೇ ಸರಿ) ಬೆಳಗಿನ ಲೋಟಕ್ಕೆ ಕನಿಷ್ಠ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಲಿ; ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಲಿ. ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕಿರುವುದರಿಂದ ಅಡುಗೆಗೆ ಅಯೋಡಿನ್‌ಯುಕ್ತ ಉಪ್ಪನ್ನೇ ಬಳಸಲಿ.