ಹಾಸನದ ಮನೆಯ ಕಾರ್ ಶೆಡ್‌ನಲ್ಲಿ ಕಿಟ್ ವಿಮಾನ ಕಟ್ಟಬಹುದಾ?

ನಮಸ್ಕಾರ. ಸಾಲಗಾಮೆ ರಸ್ತೆಯ ನಿಮ್ಮ ಮನೆಯ ಕಾರ್ ಶೆಡ್‌ನಲ್ಲಿ ಎರಡು ಸೀಟಿನ ಕಿಟ್ ವಿಮಾನ (ಬಿಡಿಭಾಗಗಳನ್ನು ತರಿಸಿ ನಾವೇ ಜೋಡಿಸುವ ವಿಮಾನ) ಕಟ್ಟಬಹುದಾ, ಎಷ್ಟು ಜಾಗ ಬೇಕು, ಎಷ್ಟು ವರ್ಷ ಹಿಡಿಯುತ್ತದೆ, ಪರ್ಮಿಷನ್ ಸಿಗುತ್ತದಾ ಅಂತ ಕೇಳಿದ್ದೀರಿ.

ಕಟ್ಟಬಹುದು. ಚಿಕ್ಕಮಗಳೂರಿನ ಹೊರಗೆ ನಮ್ಮ ಕಾಫಿ ಗೋಡೌನಿನಲ್ಲಿ ನಾನು ಮೂರು ವರ್ಷದಿಂದ ಒಂದನ್ನು ಕಟ್ಟುತ್ತಿದ್ದೇನೆ. ಅಮೆರಿಕದ ಜೆನಿತ್ ಕಂಪನಿಯ ಸಿಎಚ್ 750. ಬಾಲ ಮುಗಿದಿದೆ, ಎಡಗಡೆ ರೆಕ್ಕೆ ಮೇಜಿನ ಮೇಲಿದೆ. ಇನ್ನೂ ಹಾರಿಲ್ಲ. ಹಾಗಾಗಿ ಕಟ್ಟುವ ಕೆಲಸದ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ದಯವಿಟ್ಟು ಮೊದಲೇ ಪೂರ್ತಿ ಕಿಟ್ ತರಿಸಬೇಡಿ. ಬರೀ ರಡ್ಡರ್ ಕಿಟ್ ಬೇರೆಯಾಗಿ ಸಿಗುತ್ತದೆ. ಬಾಲದ ಮೇಲೆ ನೆಟ್ಟಗೆ ನಿಂತು, ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಭಾಗ ಅದು. ಅದೊಂದನ್ನು ಕಟ್ಟಿ ಮುಗಿಸಿ. ಯಾಕೆಂದರೆ ಇಡೀ ವಿಮಾನದಲ್ಲಿ ಇರುವುದು ಹೆಚ್ಚುಕಡಿಮೆ ಅದೇ ಕೆಲಸ: ತೂತು ಕೊರೆಯುವುದು, ಬಿಚ್ಚುವುದು, ತೂತು ಒರೆಯುವುದು (ಅಂದರೆ ಅದರ ಅಂಚನ್ನು ನುಣುಪು ಮಾಡುವುದು), ಮತ್ತೆ ಜೋಡಿಸಿ ರಿವೆಟ್ ಹೊಡೆಯುವುದು. ಸಾವಿರಾರು ಸಲ. ಹಾರುವ ಆಸೆ ಒಂದರಿಂದಲೇ ಈ ಕೆಲಸ ಮುಗಿಯುವುದಿಲ್ಲ. ತೂತು ಒರೆಯುವಾಗ ಮನಸ್ಸಿಗೆ ಹಿತ ಅನಿಸಬೇಕು. ಅನಿಸುತ್ತದಾ ಇಲ್ಲವಾ ಅಂತ ಗೊತ್ತಾಗಲು ಒಂದು ರಡ್ಡರ್ ಸಾಕು.

ಕೆಲಸ ಹೀಗಿರುತ್ತದೆ. ರಡ್ಡರಿನ ಮೇಲಿನ ಅಲ್ಯೂಮಿನಿಯಂ ತಗಡು ಅರ್ಧ ಮಿಲಿಮೀಟರಿಗಿಂತ ತೆಳು. ಅದನ್ನು ಒಳಗಿನ ರಿಬ್‌ಗಳ, ಅಂದರೆ ಆಕಾರ ಕೊಡುವ ಅಡ್ಡಪಟ್ಟಿಗಳ, ಮೇಲೆ ಕೂರಿಸಿ, ಕ್ಲೀಕೋ ಅನ್ನುವ ಸ್ಪ್ರಿಂಗ್ ಪಿನ್ನುಗಳಿಂದ ಸದ್ಯಕ್ಕೆ ಹಿಡಿಸುತ್ತೇವೆ. 1/8 ಇಂಚಿನ ತೂತಿಗೆ ತಾಮ್ರದ ಬಣ್ಣದ ಪಿನ್ನು, 3/32ಕ್ಕೆ ಬೆಳ್ಳಿ ಬಣ್ಣದ್ದು. ಡ್ರಿಲ್ ಮಾಡಿದ ಮೇಲೆ ಎಲ್ಲವನ್ನೂ ಬಿಚ್ಚಬೇಕು. ಪ್ರತಿ ತೂತಿನ ಅಂಚಿನಲ್ಲೂ ಕೂದಲೆಳೆಯಷ್ಟು ತಗಡು ಎದ್ದಿರುತ್ತದೆ. ಅದನ್ನು ಎರಡೂ ಕಡೆಯಿಂದ ತೆಗೆಯಬೇಕು. ಬಿಟ್ಟರೆ ತಗಡುಗಳು ಒಂದಕ್ಕೊಂದು ಒತ್ತಿ ಕೂರುವುದಿಲ್ಲ, ಮುಂದೆ ಬಿರುಕು ಅಲ್ಲಿಂದಲೇ ಶುರುವಾಗಬಹುದು. ನನ್ನ ಅಣ್ಣನ ಮಗಳು ಶಾಲೆ ಮುಗಿಸಿ ಬಂದವಳು ಕಣ್ಣು ಮುಚ್ಚಿ ಬೆರಳ ತುದಿಯನ್ನು ಸಾಲಿನ ಮೇಲೆ ಎಳೆಯುತ್ತಾಳೆ. "ಚಿಕ್ಕಪ್ಪಾ, ಇಲ್ಲಿ ಚುಚ್ತಿದೆ" ಅಂತಾಳೆ. ನನಗೆ ನುಣುಪು ಅನಿಸಿದ ತೂತು ಅವಳ ಬೆರಳಿಗೆ ಸಿಕ್ಕಿಬೀಳುತ್ತದೆ. ಈಗ ಅವಳು ನೋಡದೆ ನಾನು ರಿವೆಟ್ ಹೊಡೆಯುವುದಿಲ್ಲ.

ಒಂದು ತಪ್ಪನ್ನು ಹೇಳಿಬಿಡುತ್ತೇನೆ, ನಿಮಗೆ ಉಪಯೋಗ ಆಗುತ್ತದೆ. ರಿವೆಟ್ಟಿನ ನಡುಭಾಗ ತಗಡಿನ ಅಂಚಿನಿಂದ, ಕಡಿಮೆ ಅಂದರೂ, ರಿವೆಟ್ಟಿನ ದಪ್ಪದ ಎರಡರಷ್ಟು ಒಳಗಿರಬೇಕು. 1/8 ಇಂಚಿನ ರಿವೆಟ್ಟಿಗೆ ಕಾಲು ಇಂಚು, ಅಂದರೆ ಸುಮಾರು 6.4 ಮಿಲಿಮೀಟರ್. ಒಂದು ರಾತ್ರಿ ಆತುರದಲ್ಲಿ ರಿಬ್ ಸ್ವಲ್ಪ ಜರುಗಿದ್ದು ಕಾಣಲಿಲ್ಲ. ಮೂರು ತೂತು ಅಂಚಿಗೆ 4 ಮಿಲಿಮೀಟರಿನಲ್ಲಿ ಬಿದ್ದವು. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೂ ಆ ರಿಬ್ ಬದಿಗಿಟ್ಟು ಹೊಸದು ತರಿಸಿದೆ. ಅದು ಬರುವ ತನಕ ಕೆಲಸ ನಿಂತಿತು. ನಿದ್ದೆ ಬರುವಾಗ ಡ್ರಿಲ್ ಮುಟ್ಟಬೇಡಿ.

ಗುರುತು ಹಾಕಲು ಪೆನ್ಸಿಲ್ ಬೇಡ, ಮಾರ್ಕರ್ ಬಳಸಿ. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಹಾಗೆಯೇ ಬಸ್ ಬಾಡಿ ಕಟ್ಟುವವರ ಹತ್ತಿರ ಸಿಗುವ ಪಾಪ್ ರಿವೆಟ್ ನೋಡಲು ಅದೇ ಥರ ಇದ್ದರೂ ಅದನ್ನು ಹಾಕಬೇಡಿ. ಕಿಟ್ ಜೊತೆ ಬಂದದ್ದನ್ನೇ ಹಾಕಿ.

ಜಾಗದ ಚಿಂತೆ ಬೇಡ. 12 ಅಡಿ ಉದ್ದ, 4 ಅಡಿ ಅಗಲದ ಸಮತಟ್ಟಾದ ಮೇಜು, ಸುತ್ತ ಓಡಾಡಲು ಜಾಗ ಇದ್ದರೆ ಶುರು ಮಾಡಬಹುದು. ರೆಕ್ಕೆಗಳನ್ನು ಬೇರೆ ಬೇರೆ ಕಟ್ಟಿ ಗೋಡೆಗೆ ನಿಲ್ಲಿಸಬಹುದು. ಶೆಡ್ಡಿನ ಬಾಗಿಲಿನ ಅಗಲವನ್ನು ಮಾತ್ರ ಈಗಲೇ ಅಳೆದಿಡಿ, ಮುಗಿದ ಬಾಡಿ ಅಲ್ಲಿಂದಲೇ ಹೊರಗೆ ಬರಬೇಕು ಅಲ್ವಾ?

ನಮ್ಮ ಕಡೆ ಮಳೆಗಾಲದ ತೇವ ದೊಡ್ಡ ವಿಷಯ. ತಗಡು ತಗಡು ಸೇರುವ ಕಡೆಯೆಲ್ಲ ಪ್ರೈಮರ್ ಬಳಿಯಿರಿ. ತೇವಕ್ಕಿಂತಲೂ ನನಗೆ ಭಯ ಇಲಿಯದ್ದು. ಇಲಿಯ ಉಚ್ಚೆ ಅಲ್ಯೂಮಿನಿಯಮ್ಮನ್ನು ಕೊರೆದುಹಾಕುತ್ತದೆ, ಅದೂ ಕಣ್ಣಿಗೆ ಕಾಣದ ರೆಕ್ಕೆಯ ಒಳಗೆ. ಗೋಡೌನಿನ ಒಂದೊಂದು ಸಂದಿಯನ್ನೂ ಮುಚ್ಚಿಸಿದ್ದೇನೆ.

ಸಮಯದ ಲೆಕ್ಕಕ್ಕೆ ಬರೋಣ. ನೀವು ಬರೆದಿರುವ ಅಶೋಕ್ ತಾಮರಾಕ್ಷನ್ ಅವರ ಸುದ್ದಿಯನ್ನು ನಾನೂ ಓದಿದ್ದೇನೆ. ಇಂಗ್ಲೆಂಡಿನಲ್ಲಿ ಲಾಕ್‌ಡೌನ್ ಕಾಲದಲ್ಲಿ ಸ್ಲಿಂಗ್ ಅನ್ನುವ ಕಂಪನಿಯ ಕಿಟ್ ತರಿಸಿ ಸುಮಾರು 18 ತಿಂಗಳಲ್ಲಿ ನಾಲ್ಕು ಸೀಟಿನ ವಿಮಾನ ಕಟ್ಟಿದರು. ಅದನ್ನೇ ನಿಮ್ಮ ಲೆಕ್ಕ ಮಾಡಿಕೊಳ್ಳಬೇಡಿ. 1,000 ಗಂಟೆ ಕೆಲಸ ಅಂತ ಇಟ್ಟುಕೊಳ್ಳಿ. ವಾರಕ್ಕೆ 10 ಗಂಟೆ ಕೊಟ್ಟರೂ ಎರಡು ವರ್ಷ. ನನಗಂತೂ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮೇಜಿನ ಹತ್ತಿರ ಹೋಗಲೂ ಆಗುವುದಿಲ್ಲ. ದುಡ್ಡಿನಲ್ಲಿ ಇಂಜಿನ್ ಒಂದಕ್ಕೇ ಹೆಚ್ಚುಕಡಿಮೆ ಕಿಟ್ಟಿನಷ್ಟು ಎತ್ತಿಡಿ. ಸಾಗಣೆ, ಕಸ್ಟಮ್ಸ್ ಬೇರೆ.

ಪರ್ಮಿಷನ್ ವಿಷಯದಲ್ಲಿ ತಾಳ್ಮೆ ಬೇಕು. ಮುಂಬೈನ ಪೈಲಟ್ ಅಮೋಲ್ ಯಾದವ್ ಮನೆಯ ಟೆರೇಸಿನ ಮೇಲೆ, ಕಿಟ್ ಇಲ್ಲದೆ, ತಮ್ಮದೇ ಡಿಸೈನಿನ ಆರು ಸೀಟಿನ ವಿಮಾನ ಕಟ್ಟಿದರು. 2016ರ ಮೇಕ್ ಇನ್ ಇಂಡಿಯಾ ಮೇಳದಲ್ಲಿ ಜನ ಅದನ್ನು ನೋಡಿದರು. ಡಿಜಿಸಿಎ (ವಿಮಾನಗಳಿಗೆ ಅನುಮತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ) ರಿಜಿಸ್ಟ್ರೇಷನ್ ಕೈಗೆ ಬಂದದ್ದು 2017ರ ನವೆಂಬರಿನಲ್ಲಿ. ಹಾರಿಸಲು ಅನುಮತಿ ಮತ್ತೆ ಬೇರೆ. ಆದ್ದರಿಂದ ರಡ್ಡರ್ ಮುಗಿದ ದಿನವೇ, ದೊಡ್ಡ ಕಿಟ್ಟಿಗೆ ದುಡ್ಡು ಕಟ್ಟುವ ಮೊದಲೇ, ಡಿಜಿಸಿಎಗೆ ಬರೆದು ಕೇಳಿ. ಮೊದಲ ತೂತಿನಿಂದಲೇ ದಿನಚರಿ ಇಡಿ. ತಗಡು ಮುಚ್ಚುವ ಮೊದಲು ಒಳಗಿನ ಫೋಟೋ ತೆಗೆಯಿರಿ. ಮುಚ್ಚಿದ ಮೇಲೆ ಯಾರಿಗೂ ತೋರಿಸಲು ಆಗುವುದಿಲ್ಲ.

ಇಂಜಿನ್ ಆರಿಸುವಾಗ ನಮ್ಮ ಎತ್ತರ ಮರೆಯಬೇಡಿ. ಹಾಸನ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಗಾಳಿ ತೆಳುವಾಗಿ, ಪ್ರತಿ ಸಾವಿರ ಅಡಿಗೆ ಸುಮಾರು 3% ಶಕ್ತಿ ಇಳಿಯುತ್ತದೆ. 100 ಎಚ್‌ಪಿಯ ರೋಟಾಕ್ಸ್ 912 ಯುಎಲ್‌ಎಸ್ ಇಂಜಿನ್ ಇಲ್ಲಿ 90ರ ಹಾಗೆ ಕೆಲಸ ಮಾಡುತ್ತದೆ. ಮಾರ್ಚ್ ತಿಂಗಳ ಮಧ್ಯಾಹ್ನ ಇನ್ನೂ ಕಡಿಮೆ. 80 ಎಚ್‌ಪಿಯದು ಸಾಕು ಅಂತ ಯಾರಾದರೂ ಹೇಳಿದರೆ, ಅವರ ಊರು ಎಷ್ಟು ಎತ್ತರದಲ್ಲಿದೆ ಅಂತ ಕೇಳಿ.

ಹಾಸನದಿಂದ ಬೇಲೂರು ಮೇಲೆ ಬಂದರೆ ಸುಮಾರು 60 ಕಿಲೋಮೀಟರ್. ಕೊಯ್ಲು ಶುರುವಾಗುವ ಮೊದಲು ಒಂದು ಭಾನುವಾರ ಬನ್ನಿ. ತೂತು ತಪ್ಪಿ ಬದಿಗಿಟ್ಟ ಆ ರಿಬ್ ಇನ್ನೂ ನನ್ನ ಹತ್ತಿರ ಇದೆ. ಅದರ ಮೇಲೆ ಹತ್ತು ತೂತು ನೀವೇ ಕೊರೆದು, ಒರೆದು, ಅಣ್ಣನ ಮಗಳ ಕೈಗೆ ಕೊಡಿ.