ನೀಲಿ ಛಾಯೆಯ ಗುಟ್ಟು

ಪ್ರಶ್ನೆ: 2008ರ ‘ಟ್ವೈಲೈಟ್’ ಚಿತ್ರ ಬಹುಪಾಲು ನೀಲಿಯಾಗಿಯೇ ಕಾಣುವುದೇಕೆ? ಅದು ಛಾಯಾಗ್ರಹಣದ ದೋಷವೇ?

ಉತ್ತರ: ಖಂಡಿತ ಅಲ್ಲ. ಕಥೆ ನಡೆಯುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬ ಮಳೆಯೂರಿನಲ್ಲಿ. ಬಿಸಿಲಿಗೆ ಬಂದರೆ ಮೈ ಹೊಳೆದು ಗುಟ್ಟು ರಟ್ಟಾಗುವ ರಕ್ತಪಿಶಾಚಿಗಳಿಗೆ ಅಲ್ಲಿನ ಮೋಡವೇ ಆಸರೆಯಾದ್ದರಿಂದ, ನಿರ್ದೇಶಕಿ ಕ್ಯಾಥರೀನ್ ಹಾರ್ಡ್‌ವಿಕ್ ಮತ್ತು ಛಾಯಾಗ್ರಾಹಕ ಎಲಿಯಟ್ ಡೇವಿಸ್ ಬೆಚ್ಚನೆಯ ಬಣ್ಣಗಳನ್ನು ಹಿಂದಕ್ಕೆ ಸರಿಸಿ, ನೀಲಿ-ಹಸಿರಿನ ತಣ್ಣನೆಯ ಛಾಯೆಯನ್ನು ಆರಿಸಿಕೊಂಡರು.

ಜೀವಶಾಸ್ತ್ರ ತರಗತಿಯ ದೃಶ್ಯವನ್ನು ಇನ್ನೊಮ್ಮೆ ನೋಡಿ. ಫ್ಯಾನಿನ ಗಾಳಿಗೆ ನಾಯಕಿ ಬೆಲ್ಲಾಳ ಕೂದಲು ಹಾರಿದೊಡನೆ, ಅವಳ ವಾಸನೆ ತಾಗಿ ರಕ್ತಪಿಶಾಚಿಯಾದ ನಾಯಕ ಎಡ್ವರ್ಡ್ ಬಿಗಿದುಕೊಳ್ಳುತ್ತಾನೆ. ಅವನ ಹಿಂದೆ ಪ್ರದರ್ಶನಕ್ಕಿಟ್ಟ, ಒಳಗೆ ತುಂಬಿ ಕಾಪಿಟ್ಟ ಸತ್ತ ಗೂಬೆಯ ಬಿಳಿ ರೆಕ್ಕೆಗಳು, ಕ್ಯಾಮೆರಾ ಇಟ್ಟ ಕೋನದಿಂದಾಗಿ, ಅವನ ಬೆನ್ನಿನಿಂದಲೇ ಮೂಡಿದಂತೆ ಕಾಣುತ್ತವೆ. ಒಂದು ಮಾತೂ ಇಲ್ಲದೆ ಅವನು ಮನುಷ್ಯನಲ್ಲವೆಂದು ಸೂಚಿಸುವ ಈ ಚೌಕಟ್ಟೇ ನನ್ನ ದೃಷ್ಟಿಯಲ್ಲಿ ಚಿತ್ರದ ಅತ್ಯುತ್ತಮ ಕ್ಷಣ. ಮರವೇರುವ ದೃಶ್ಯದಲ್ಲಿ ನಟರನ್ನು ತಂತಿಗೆ ಕಟ್ಟಿ ಮಾಡಿಸಿದ ಸಾಹಸ ಅಷ್ಟು ನಂಬಿಸುವುದಿಲ್ಲ.